ನಿಟ್ಟೂರಿನ ಬಂಡೆ ಮತ್ತು ದೇವರ ಅಂಜಿಕೆ

ಬಳ್ಳಾರಿ ಕಡೆ ಮನುಷ್ಯನ ಯೋಗ್ಯತೆ ಹೇಳಲು ಹಳೆಯದೊಂದು ಮಾತಿದೆ: ‘ದೇವರಿಗೆ ಅಂಜೋ ಮನುಷ್ಯ’. ಸಾಲ ಕೊಡುವಾಗ, ಹೆಣ್ಣು ಕೊಡುವಾಗ, ಹೊಲ ಗುತ್ತಿಗೆಗೆ ಬಿಡುವಾಗ ಈ ಒಂದು ಸರ್ಟಿಫಿಕೇಟು ಸಾಕು. ಜಗಳ ಹರಿಯದಿದ್ದರೆ ಗುಡಿ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದೂ ಇದೇ ಭರವಸೆಯ ಮೇಲೆ. ಹಾಗಾದರೆ ದೇವರೇ ಇಲ್ಲ ಅನ್ನುವವನ ಮಾತಿಗೆ ಜಾಮೀನು ಯಾರು?

ಈ ಅನುಮಾನ ಊರಿಗೆ ಸೀಮಿತವಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2019ರಲ್ಲಿ 34 ದೇಶಗಳ ಜನರನ್ನು ಕೇಳಿತು: ನೀತಿವಂತರಾಗಿರಲು ದೇವರಲ್ಲಿ ನಂಬಿಕೆ ಬೇಕೇ? ಭಾರತದಲ್ಲಿ ನೂರಕ್ಕೆ 79 ಮಂದಿ ಬೇಕು ಅಂದರು. ಸ್ವೀಡನ್ನಿನಲ್ಲಿ ಹಾಗೆ ಅಂದವರು 9 ಮಂದಿ. ನಮ್ಮ ಕಾನೂನು ಮಾತ್ರ ಈ 79ರ ಜೊತೆ ನಿಂತಿಲ್ಲ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಲು ಒಪ್ಪದ ಸಾಕ್ಷಿ, 1969ರ ಪ್ರಮಾಣಗಳ ಕಾಯ್ದೆಯಂತೆ, ಬರೀ ಸತ್ಯಪ್ರತಿಜ್ಞೆ ಮಾಡಿ ಕಟಕಟೆ ಹತ್ತಬಹುದು. ಸುಳ್ಳು ಹೇಳಿದರೆ ಇಬ್ಬರಿಗೂ ಶಿಕ್ಷೆ ಒಂದೇ.

ಕಾನೂನಿಗಿಂತ ಬಹಳ ಹಳೆಯ ಸಾಕ್ಷಿ ಸಿರುಗುಪ್ಪ ತಾಲ್ಲೂಕಿನಲ್ಲೇ ಇದೆ. ತೆಕ್ಕಲಕೋಟೆ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿ 1970ರ ದಶಕದ ಕೊನೆಗೆ ಅಶೋಕನ ಬಂಡೆ ಶಾಸನಗಳು ಸಿಕ್ಕವು. ಮಸ್ಕಿಯ ಹಾಗೆ ನಿಟ್ಟೂರಿನ ಶಾಸನವೂ ‘ಅಶೋಕ’ ಎಂಬ ಹೆಸರನ್ನೇ ಹೇಳುತ್ತದೆ ಎಂಬುದಕ್ಕೆ ಇತಿಹಾಸಕಾರರು ಹಿಗ್ಗಿದರು. ಹೆಸರಿನ ಸಡಗರದಲ್ಲಿ ಒಕ್ಕಣೆ ಹಿಂದೆ ಸರಿಯಿತು. ಇಲ್ಲಿರುವುದು ಎರಡು ಲೇಖಗಳು. ಮೊದಲನೆಯದರಲ್ಲಿ ದೇವತೆಗಳೂ ಇದ್ದಾರೆ, ಸ್ವರ್ಗವೂ ಇದೆ. ಸಣ್ಣ ಮನುಷ್ಯನೂ ಶ್ರಮಪಟ್ಟರೆ ಸ್ವರ್ಗ ಮುಟ್ಟಬಹುದು ಎಂಬ ಆಸೆಯನ್ನು ರಾಜ ತೋರಿಸುತ್ತಾನೆ. ಎರಡನೆಯದರ ಧಾಟಿಯೇ ಬೇರೆ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಯಾಕೆ? ಇದೇ ಲೇಖದ ಬ್ರಹ್ಮಗಿರಿಯ ಪಾಠ ಕೊಡುವ ಕಾರಣ ಸರಳ: ಇದು ಹಿಂದಿನಿಂದ ಬಂದ ರೀತಿ, ಇದರಿಂದ ಆಯುಷ್ಯ ಹೆಚ್ಚುತ್ತದೆ. ಗಡಿಯಾಚೆ ಕರ್ನೂಲು ಸೀಮೆಯ ಎರ್ರಗುಡಿ ಬಂಡೆಯಂತೂ ಇದನ್ನು ಡಂಗುರ ಸಾರಿ ತಿಳಿಸಲು, ಆನೆ ಸವಾರರಿಗೂ ಕರಣಿಕರಿಗೂ ಹೇಳಿ ಕಲಿಸಲು ಆಜ್ಞಾಪಿಸುತ್ತದೆ.

ಅಶೋಕ ನಾಸ್ತಿಕನಲ್ಲ, ಬೌದ್ಧ ಉಪಾಸಕ. ‘ದೇವಾನಾಂಪ್ರಿಯ’ ಎಂದು ಕರೆದುಕೊಂಡವನು. ಆದರೂ ನಾನಾ ದೇವರ, ನಾನಾ ಪಂಥದ ಜನಕ್ಕೆ ಒಟ್ಟಿಗೆ ಬುದ್ಧಿ ಹೇಳಬೇಕಾದಾಗ ಅವನು ದೇವರ ಅಂಜಿಕೆಯನ್ನು ಬದಿಗಿಟ್ಟು, ಮನೆ ಮಠದಲ್ಲಿ ಎಲ್ಲರೂ ಒಪ್ಪುವ ನಡತೆಯನ್ನು ಹಿಡಿದ. ಈ ಸೀಮೆಯಲ್ಲಿ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲೇ ನೀತಿಗೆ ದೇವರ ಜಾಮೀನು ಕೇಳದ ಒಂದು ಪಾಠವಿದೆ ಎಂಬುದು ಸಣ್ಣ ಸಂಗತಿಯಲ್ಲ.

ಬಳ್ಳಾರಿ ನಗರಕ್ಕೆ ಬಂದರೆ ಕನಕ ದುರ್ಗಮ್ಮ. ವರ್ಷಕ್ಕೊಮ್ಮೆ ಅಮ್ಮನ ಸಿಡಿಬಂಡಿ ಹೊರಡುವಾಗ ಊರೇ ನೆರೆಯುತ್ತದೆ. ಸಿಡಿ ಎಂದರೆ ಒಂದು ಕಾಲಕ್ಕೆ ದಕ್ಷಿಣದ ಹಲವು ಊರುಗಳಲ್ಲಿ ಬೆನ್ನಿನ ಚರ್ಮಕ್ಕೆ ಕೊಕ್ಕೆ ಸಿಕ್ಕಿಸಿ ಮನುಷ್ಯನನ್ನೇ ಮೇಲೆತ್ತಿ ತೂಗುವುದಾಗಿತ್ತು. ಇಂದು ಬಂಡಿ ಉಳಿದಿದೆ, ಕೊಕ್ಕೆ ಉಳಿದಿಲ್ಲ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ, ಜಾರಿಗೆ ಬಂದದ್ದು 2020ರಲ್ಲಿ, ಇಂಥ ಆಚರಣೆಗಳನ್ನು ಅಪರಾಧವೆಂದು ಪಟ್ಟಿ ಮಾಡಿದೆ. ಕೊಕ್ಕೆ ಬೇಡವೆಂದು ಅಮ್ಮ ಯಾರಿಗೂ ಅಪ್ಪಣೆ ಕೊಡಲಿಲ್ಲ. ನೋಡುವವರ ಕರುಳು ಚುರ್ ಎಂದಿತು, ಆಮೇಲೆ ಭಕ್ತಿ ತನ್ನನ್ನು ತಿದ್ದಿಕೊಂಡಿತು. ಸಾಕ್ರಟೀಸ್ ಅಥೆನ್ಸಿನಲ್ಲಿ ಕೇಳಿದ ಪ್ರಶ್ನೆಯೂ ಇದೇ: ದೇವತೆಗಳು ಮೆಚ್ಚಿದ್ದಕ್ಕೆ ಅದು ಒಳ್ಳೆಯದಾಯಿತೋ, ಒಳ್ಳೆಯದಾಗಿದ್ದಕ್ಕೆ ಅವರು ಮೆಚ್ಚಿದರೋ? ದುರ್ಗಮ್ಮನ ಭಕ್ತರು ತರ್ಕ ಓದದೆಯೇ ಉತ್ತರ ಕೊಟ್ಟಾಗಿದೆ.

ದೇವದಾಸಿ ಪದ್ಧತಿಯ ಕಥೆ ಇದಕ್ಕಿಂತ ಕಹಿ. ಅಲ್ಲಿ ದೇವರ ಹೆಸರೇ ಅನ್ಯಾಯಕ್ಕೆ ಮುದ್ರೆ ಒತ್ತಿತ್ತು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹಟ ಹಿಡಿದು ಹೋರಾಡಿದ ಫಲವಾದ 1947ರ ಮದ್ರಾಸ್ ಕಾನೂನು ಇಲ್ಲಿಗೂ ಅನ್ವಯಿಸಿತು. ಅಷ್ಟಾದರೂ 1982ರಲ್ಲಿ ಕರ್ನಾಟಕ ಮತ್ತೊಂದು ಕಾನೂನು ಮಾಡಬೇಕಾಯಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟು ಮುತ್ತು ಕಟ್ಟಿಸಿದವರಲ್ಲಿ ದೇವರ ಅಂಜಿಕೆಗೆ ಕೊರತೆ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಅಂಜಿಕೆಯೇ ಮುತ್ತು ಕಟ್ಟಿಸಿತು.

ಇನ್ನು ಗಣಿ. 2009ರಲ್ಲಿ ಬಳ್ಳಾರಿಯ ಗಣಿ ಉದ್ಯಮದ ದುಡ್ಡಿನಲ್ಲಿ ತಿರುಪತಿ ತಿಮ್ಮಪ್ಪನಿಗೆ 40 ಕೋಟಿ ರೂಪಾಯಿ ಮೀರಿದ ವಜ್ರದ ಕಿರೀಟ ಹೋಯಿತು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆ ಎಂದಿತು. ಯಾರ ತಪ್ಪು ಎಷ್ಟು ಎಂಬುದು ಕೋರ್ಟಿಗೆ ಬಿಟ್ಟದ್ದು. ಆದರೆ ಅದಿರಿನ ಲಾರಿಗಳು ಹಗಲು ರಾತ್ರಿ ಓಡಿದ ಆ ವರ್ಷಗಳಲ್ಲಿ ಜಿಲ್ಲೆಯ ಗುಡಿಗಳೇನೂ ಖಾಲಿ ಇರಲಿಲ್ಲ. ಸಿರುಗುಪ್ಪದ ಭತ್ತದ ಬಯಲಿನಲ್ಲೂ ಲೆಕ್ಕ ಹೀಗೆಯೇ. ಮೇಲಿನವನು ಗಂಗಮ್ಮನಿಗೆ ಪೂಜೆ ಮಾಡಿದನೇ ಎಂದು ಕಾಲುವೆಯ ಕೊನೆ ಭಾಗದ ರೈತ ಕೇಳುವುದಿಲ್ಲ. ರಾತ್ರಿ ಮೋಟರ್ ಇಳಿಸಿ ನೀರು ಎತ್ತಿದನೇ, ಇಲ್ಲವೇ ಎಂದಷ್ಟೇ ಕೇಳುತ್ತಾನೆ.

ದೇವರಿಲ್ಲದೆ ಬದುಕಿದವರ ಮಾದರಿ ಬೇಕೆಂದರೆ ದೂರ ಹೋಗಬೇಕಿಲ್ಲ. ಗೌರಿಬಿದನೂರಿನ ಹೊಸೂರಿನವರಾದ ಎಚ್. ನರಸಿಂಹಯ್ಯ 1942ರ ಚಳವಳಿಯಲ್ಲಿ ಜೈಲು ಕಂಡರು, ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದರು, ಬದುಕಿನುದ್ದಕ್ಕೂ ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಉಳಿದರು. 1976ರಲ್ಲಿ ಕುಲಪತಿಯಾಗಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ಬೈಗುಳ ತಿಂದರು. ಅವರ ಪ್ರಾಮಾಣಿಕತೆಯ ಬಗ್ಗೆ ಮಾತ್ರ ಬೈದವರೂ ಎರಡು ಮಾತಾಡಲಿಲ್ಲ. ಅತ್ತ ವಿಜಯವಾಡದ ಗೋರಾ, ಗಾಂಧೀಜಿಯ ಜೊತೆಗೇ ದೇವರ ವಿಷಯ ವಾದಿಸಿದ ನಾಸ್ತಿಕ, ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಿದರು. ಸೇವಾಗ್ರಾಮದಲ್ಲಿ 1948ರ ಮಾರ್ಚ್‌ನಲ್ಲಿ ಆ ಮದುವೆ ನಡೆದಾಗ ಗಾಂಧೀಜಿ ಇರಲಿಲ್ಲ; ಆದರೆ ದೇವರ ಬದಲು ಸತ್ಯದ ಹೆಸರು ಹೇಳಲು ಮೊದಲೇ ಒಪ್ಪಿಕೊಂಡಿದ್ದರು.

ಹಾಗೆಂದು ನಾಸ್ತಿಕನ ಕೊರಳಿಗೆ ಹಾರ ಹಾಕಬೇಕಿಲ್ಲ. ದೇವರನ್ನು ಬಿಟ್ಟು ಜಾತಿಯನ್ನು ಬಿಡದವರು, ದೇಗುಲಕ್ಕೆ ಹೋಗದೆ ಲಂಚ ತಿನ್ನುವವರು ಬೇಕಾದಷ್ಟಿದ್ದಾರೆ. ಇನ್ನೊಂದು ಮಾತನ್ನೂ ಒಪ್ಪಬೇಕು: ಕುರುಗೋಡಿನ ದೊಡ್ಡ ಬಸವೇಶ್ವರನ ಏಕಶಿಲೆಯ ನಂದಿಯ ಎದುರು ಜಾತ್ರೆಗೆ ಬಂದವನು ಹಸಿದು ಹೋಗುವುದಿಲ್ಲ, ದಾಸೋಹದ ಸಾಲಿನಲ್ಲಿ ಅವನ ನಂಬಿಕೆ ಯಾವುದೆಂದು ಯಾರೂ ಕೇಳುವುದಿಲ್ಲ. ಅಂಥದೊಂದು ಒಲೆಯನ್ನು ಈ ಸೀಮೆಯ ವಿಚಾರವಾದಿಗಳು ಇನ್ನೂ ಹೊತ್ತಿಸಿಲ್ಲ. ಒಳ್ಳೆಯತನಕ್ಕೆ ದೇವರು ಬೇಡದಿರಬಹುದು. ಅದನ್ನು ದಿನವೂ ರೂಢಿ ಮಾಡಿಸುವ ಒಂದು ಜಾಗ, ನಾಲ್ಕು ಜನರ ಜೊತೆ ಬೇಕಾಗುತ್ತದೆ.

ಅಶೋಕನ ಇನ್ನೊಂದು ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎನ್ನುವ ಆಜ್ಞೆ ಆ ಚಪ್ಪಡಿಯಲ್ಲಿದೆ. ಅದು ಬೆಳಕಿಗೆ ಬಂದ ಬಗೆ ವಿಚಿತ್ರ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ತುಂಬ ಬ್ರಾಹ್ಮಿ ಅಕ್ಷರ. ಅಮ್ಮನನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ಯಾರೋ ತೂತು ಕೊರೆದಿದ್ದರು.