ಸವಳು ಹೊಲದ ಪರವಾಗಿ

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನಾಡೇ ಎದ್ದು ನಿಂತಿತು. ಮಂತ್ರಿಗಳು ಬಂದರು, ತಜ್ಞರು ಬಂದರು. ವಾರದೊಳಗೆ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದರು. ಅದೇ ಜಲಾಶಯದ ಅಚ್ಚುಕಟ್ಟಿನಲ್ಲಿ ದಶಕಗಳಿಂದ ಹೊಲಗಳೇ ಕೈಬಿಟ್ಟು ಹೋಗುತ್ತಿವೆ. ಸದ್ದಿಲ್ಲದೆ ಹೋಗುತ್ತಿವೆ ಎಂದು ಯಾರೂ ಓಡಿಬರುವುದಿಲ್ಲವೇ?

ಬೇಸಿಗೆಯಲ್ಲಿ ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಹೋಗಿ ನೋಡಿ. ಭತ್ತ ಕೊಯ್ದ ಎರೆ ನೆಲದ ಮೇಲೆ ಉಪ್ಪಿನ ಬಿಳಿ ಪದರ. ಕಾಲಿಟ್ಟರೆ ಅದು ಪುಡಿಯಾಗಿ, ಕೆಳಗೆ ಒದ್ದೆ ಮಣ್ಣು. ನಾಟಿಯ ಕಾಲಕ್ಕೆ ಸಸಿ ತುದಿಯಿಂದ ಸುಟ್ಟಂತೆ ಒಣಗುತ್ತದೆ. ಒಂದೇ ಮಡಿಯಲ್ಲಿ ಅರ್ಧ ಹಸಿರು, ಅರ್ಧ ಬೋಳು.

ಆ ಉಪ್ಪನ್ನು ಮೇಲಕ್ಕೆ ತಂದವರು ನಾವೇ. ಐವತ್ತರ ದಶಕದಲ್ಲಿ ಕಾಲುವೆಗೆ ನೀರು ಬಂದಾಗ ಯೋಜನೆಯ ಲೆಕ್ಕ ಇದ್ದದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಮಿತನೀರಿನ ಬೆಳೆಗಳದ್ದು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಿಂತಿತು, ಅದೂ ವರ್ಷಕ್ಕೆ ಎರಡು ಬೆಳೆ. ಎರೆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಅಂತರ್ಜಲ ಬೇರಿನ ತನಕ ಏರಿತು. ಬಿಸಿಲು ನೀರನ್ನಷ್ಟೇ ಎಳೆದುಕೊಂಡು ಉಪ್ಪನ್ನು ಬಿಟ್ಟುಹೋಯಿತು. ಒಬ್ಬರ ಹೊಲ ನೀರು ನಿಂತು ಜವಳಾಯಿತು, ತಗ್ಗಿನವರದು ಉಪ್ಪೇರಿ ಸವಳಾಯಿತು, ಕೊನೆಭಾಗದ ರೈತ ನೀರಿಗಾಗಿ ರಸ್ತೆಗಿಳಿದ.

ಬೆಳೆ ಉಲ್ಲಂಘನೆ ಎಂದು ರೈತನ ಮೇಲೆ ಹೊರಿಸಿ ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಭತ್ತಕ್ಕೆ ಗಿರಣಿಯಿದೆ, ಕೊಳ್ಳುವವರಿದ್ದಾರೆ. ಜೋಳಕ್ಕೆ ಅಷ್ಟೇ ಗಟ್ಟಿ ಮಾರುಕಟ್ಟೆ ಕೊಡದೆ ಜೋಳ ಬೆಳೆ ಎನ್ನುವುದು ಅನ್ಯಾಯ. ಆದರೆ ತೂಬು ಒಡೆದು ಪಾಲಿಗಿಂತ ಹೆಚ್ಚು ನೀರು ಹಾಯಿಸುವ ಮೇಲ್ಭಾಗದ ಅಣ್ಣಂದಿರಿಗೂ ಹೇಳುತ್ತೇನೆ: ತಗ್ಗಿನ ಹೊಲವೂ ಒಬ್ಬರ ಅನ್ನ.

ಮದ್ದು ಗೊತ್ತಿಲ್ಲದ ರೋಗವೇನಲ್ಲ ಇದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಮೇಲೆ ದಶಕಗಳ ಕೆಲಸ ಮಾಡಿದೆ. ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಪಿವಿಸಿ ಕೊಳವೆ ಹೂತು, ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಬಿಡಬೇಕು. ಆ ಹಳ್ಳದಲ್ಲಿ ಹೂಳು, ಜಾಲಿ, ಆಪು ತುಂಬಿದ್ದರೆ ಬಸಿದ ನೀರು ಹೋಗುವುದೆಲ್ಲಿಗೆ? ಕೊಳವೆ ಹಾಕಿದ್ದಕ್ಕೆ ಬಿಲ್ಲು ಆಗುತ್ತದೆ, ಹಳ್ಳ ಯಾರಿಗೂ ಸೇರಿದ್ದಲ್ಲ. ಜಿಪ್ಸಮ್ ಚೀಲ ಹಂಚಿ ಮುಗಿಸುವುದೂ ಸಲ್ಲ; ಅದು ಕ್ಷಾರ ಮಣ್ಣಿಗೆ ಮದ್ದು, ಬರೀ ಸವಳಿಗೆ ಬಸಿಗಾಲುವೆಯೇ ಬೇಕು. ಒಬ್ಬ ರೈತ ತನ್ನ ನಾಲ್ಕೆಕರೆಯಲ್ಲಿ ಇದನ್ನು ಮಾಡಿಕೊಳ್ಳಲಾರ. ಇಡೀ ಹಳ್ಳದ ಉದ್ದಕ್ಕೂ, ಅಕ್ಕಪಕ್ಕದ ಹೊಲದವರನ್ನೆಲ್ಲ ಕೂಡಿಸಿಕೊಂಡು ಸರ್ಕಾರವೇ ಮಾಡಬೇಕು. ಅಚ್ಚುಕಟ್ಟು ಅಭಿವೃದ್ಧಿಗೆಂದೇ 1980ರಲ್ಲಿ ಕಾಯ್ದೆ ಬಂದಿದೆ, ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಗಳಿವೆ.

ನೀರಾವರಿ ಸಲಹಾ ಸಮಿತಿಯ ಸಭೆಗೆ ಪ್ರತಿ ಹಂಗಾಮಿನಲ್ಲೂ ನಾವು ಒಂದೇ ಪ್ರಶ್ನೆ ಹಿಡಿದು ಹೋಗುತ್ತೇವೆ: ನೀರು ಯಾವಾಗ ಬಿಡುತ್ತೀರಿ? ಈ ಸಲ ಇನ್ನೊಂದನ್ನೂ ಕೇಳಿ: ನಮ್ಮ ಹಳ್ಳದ ಹೂಳು ಯಾವಾಗ ಎತ್ತುತ್ತೀರಿ? ತಾರೀಕು ಹೇಳುವ ತನಕ ಸಭೆಯಿಂದ ಏಳಬೇಡಿ.