ನೀರು ಕೊಟ್ಟ ಅಪರಾಧ

“ಕಳ್ಳದಾರಿ ಹಿಡಿದವರಿಗೆ ತಕ್ಕ ಶಾಸ್ತಿಯಾಯಿತು!” 2025ರ ಫೆಬ್ರವರಿಯಲ್ಲಿ ಅಮೆರಿಕದ ಸೇನಾ ವಿಮಾನವು 104 ಮಂದಿ ಭಾರತೀಯರನ್ನು ಸಂಕೋಲೆ ತೊಡಿಸಿ ತಂದು ಅಮೃತಸರದಲ್ಲಿ ಇಳಿಸಿದಂದಿನಿಂದ ಈ ಮಾತು ವಿದ್ಯಾವಂತರ ಬಾಯಿಂದಲೂ ಸಲೀಸಾಗಿ ಹೊರಡುತ್ತಿದೆ. ಉಪಾಧ್ಯಾಯರೇ ಅದನ್ನು ಆಡಿದಾಗ ಸುಮ್ಮನಿರಲಾಗದು.

ದೇಶವೆಂದ ಮೇಲೆ ಎಲ್ಲೆ ಉಂಟು, ಎಲ್ಲೆಗೆ ಕಾವಲು ಉಂಟು. ಅನುಮತಿಯಿಲ್ಲದೆ ಬಂದವನನ್ನು ಹಿಂದಕ್ಕೆ ಕಳುಹಿಸುವ ಅಧಿಕಾರವೂ ಉಂಟು. ಅದನ್ನು ಅಲ್ಲಗಳೆಯುತ್ತಿಲ್ಲ. ಲಕ್ಷಾಂತರ ರೂಪಾಯಿ ಸುಲಿದು ಬಡಪಾಯಿಗಳನ್ನು ಕಾಡುದಾರಿಗೆ ತಳ್ಳುವ ದಲ್ಲಾಳಿಗಳ ವಕಾಲತ್ತನ್ನೂ ನಾನು ವಹಿಸಿಲ್ಲ. ನನ್ನ ತಕರಾರು ಬೇರೆ: ಬಾಯಾರಿಕೆಯನ್ನು ಕಾವಲಿಗೆ ನೇಮಿಸುವ ಹಕ್ಕನ್ನು ಸರಕಾರಕ್ಕೆ ಯಾರು ಕೊಟ್ಟರು?

ನೇಮಿಸಿದ್ದಂತೂ ನಿಜ. 1994ರಲ್ಲಿ ಅಮೆರಿಕದ ಗಡಿಕಾವಲು ಇಲಾಖೆಯು ಪಟ್ಟಣಗಳ ಬಳಿಯ ಸುಲಭದ ದಾರಿಗಳನ್ನು ಬಿಗಿಮಾಡಿತು. ದುರ್ಗಮ ಪ್ರದೇಶಕ್ಕೆ ಹೊರಳಬೇಕಾದಾಗ ಜನರು ಹೆದರಿ ಹಿಂಜರಿದಾರೆಂಬುದು ಅದರ ಲಿಖಿತ ಲೆಕ್ಕಾಚಾರ. ಜನರು ಹಿಂಜರಿಯಲಿಲ್ಲ, ಅರಿಜೋನಾದ ಮರುಭೂಮಿಯಲ್ಲಿ ಹೆಣಗಳು ಸಾವಿರಗಟ್ಟಲೆ ಸಿಕ್ಕವು. 2019ರ ಜೂನಿನಲ್ಲಿ ಅಲ್ಲಿ ಸತ್ತವರಲ್ಲಿ ಭಾರತದ ಆರು ವರ್ಷದ ಹುಡುಗಿಯೊಬ್ಬಳು. ತಾಯಿ ನೀರು ಹುಡುಕಿಕೊಂಡು ಹೋಗಿದ್ದಳು. ಒಂದನೆಯ ತರಗತಿಯ ವಯಸ್ಸು! ಆ ಮಗು ಯಾವ ಕಾನೂನನ್ನು ಮುರಿದಿತ್ತು?

ಅದೇ ಮರುಭೂಮಿಯ ನಡುವಣ ಆಹೋ ಎಂಬ ಊರಿನಲ್ಲಿ ಸ್ಕಾಟ್ ವಾರೆನ್ ಎಂಬ ಭೂಗೋಳದ ಅಧ್ಯಾಪಕ (ನಮ್ಮ ವೃತ್ತಿಯವನೇ ಎನ್ನಿ) ಗಡಿ ದಾಟಿ ಬಂದ ಇಬ್ಬರಿಗೆ ಊಟ, ನೀರು, ಮಲಗಲು ಜಾಗ ಕೊಟ್ಟನೆಂದು 2018ರಲ್ಲಿ ಸೆರೆಯಾದ. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಸರಕಾರ ಬಿಡದೆ ಮತ್ತೊಮ್ಮೆ ವಿಚಾರಣೆಗೆಳೆಯಿತು. 2019ರ ನವೆಂಬರಿನಲ್ಲಿ ಎರಡನೆಯ ಜ್ಯೂರಿ ಅವನು ನಿರ್ದೋಷಿಯೆಂದಿತು. ಇಂಥ ಉಪಚಾರದಿಂದ ಕಳ್ಳದಾರಿಗೆ ಉತ್ತೇಜನ ಸಿಕ್ಕೀತೆನ್ನುವ ಮಹನೀಯರುಂಟು. ಒಂದು ಚೊಂಬು ನೀರಿನ ಆಸೆಗೆ ಹೊಲಮನೆ ಮಾರಿ ಹೊರಟವನನ್ನು ಅವರು ಎಲ್ಲಿ ಕಂಡರೋ!

ಇದು ದೂರದ ಮಾತೆಂದು ಮರಕ್ಕಡವಿನವರಾದ ನಾವು ಹೇಳುವಂತಿಲ್ಲ. ನಮಗೆ ಕಬಿನಿಯೇ ಎಲ್ಲೆ. ಆಚೆ ದಡದ ಬೈರನಕುಪ್ಪೆ ಕರ್ನಾಟಕಕ್ಕೆ ಸೇರಿದ್ದು. ದೋಣಿಗೆ ಕಾಲಿಟ್ಟವನನ್ನು ನಿನ್ನ ರಾಜ್ಯ ಯಾವುದೆಂದು ಅಂಬಿಗ ಕೇಳುವುದಿಲ್ಲ. ಎಲ್ಲೆಯೆಂಬುದು ಹೇಗೆ ಏಕಾಏಕಿ ಗೋಡೆಯಾದೀತೆಂಬುದನ್ನು ಕೇರಳದ ಕನ್ನಡಿಗರು 2020ರ ಮಾರ್ಚಿನಲ್ಲಿ ಕಂಡರು. ಕೋವಿಡ್ ಭೀತಿಯಲ್ಲಿ ಕರ್ನಾಟಕ ಸರಕಾರವು ಕಾಸರಗೋಡಿನ ಗಡಿರಸ್ತೆಗಳಿಗೆ ಮಣ್ಣು ಸುರಿಸಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು. ಅವರು ವಿದೇಶೀಯರಲ್ಲ, ನುಸುಳುಕೋರರೂ ಅಲ್ಲ; ಕನ್ನಡ, ತುಳು, ಮಲೆಯಾಳ ಆಡುವ ನೆರೆಯವರು. ದಾರಿ ತೆರವು ಮಾಡಿಸಬೇಕೆಂದು ಕೇರಳ ಹೈಕೋರ್ಟು ಕೇಂದ್ರ ಸರಕಾರಕ್ಕೆ ಏಪ್ರಿಲ್ 1ರಂದು ಆಜ್ಞಾಪಿಸುವ ಹೊತ್ತಿಗೆ ಹಲವರು ಚಿಕಿತ್ಸೆಯಿಲ್ಲದೆ ತೀರಿಕೊಂಡಿದ್ದರು.