ಟೆಫ್ಲಾನ್ ಟೇಪ್ ಸುತ್ತಿದರೂ ನಲ್ಲಿಯ ಪೈಪ್ ಸೋರುವುದೇಕೆ?

ನಲ್ಲಿಗೆ ಸಿಕ್ಕಿಸಿದ ಪೈಪ್ ಸೋರುತ್ತಿದೆ ಎಂದರೆ ಸಾಮಾನ್ಯವಾಗಿ ಸಿಗುವ ಸಲಹೆ ಮೂರು: ಇನ್ನಷ್ಟು ಬಿಗಿ ಮಾಡಿ, ಟೆಫ್ಲಾನ್ ಟೇಪ್ ಸುತ್ತಿ, ಅದಕ್ಕೂ ನಿಲ್ಲದಿದ್ದರೆ ಎಂ-ಸೀಲ್ ಮೆತ್ತಿ. ಮೂರನ್ನೂ ಮಾಡಿದ ಮೇಲೂ ನೀರು ತೊಟ್ಟಿಕ್ಕುವುದುಂಟು.

ಬೆಂಗಳೂರಿನ ಹೊರವಲಯದಲ್ಲಿ ಇದು ಬರೀ ಕೈತೋಟದ ವಿಷಯವಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಕಡೆ ಗಿಡಕ್ಕೆ ನೀರು ಬಿಡುವ ಪೈಪಿನಿಂದಲೇ ಡ್ರಮ್, ಸಂಪ್ ತುಂಬಿಸುವ ಮನೆಗಳೂ ಇವೆ. ಹಾಗಾಗಿ ಯಾವ ಸಲಹೆ ಎಷ್ಟು ಸರಿ ಎಂದು ನೋಡೋಣ.

ಬಿಗಿ ಮಾಡಿದರೆ ಸೋರಿಕೆ ನಿಲ್ಲುತ್ತದೆಯೇ?

ಯಾವಾಗಲೂ ಅಲ್ಲ. ತಿರುಗಿಸಿ ಹಾಕುವ ಕನೆಕ್ಟರ್‌ನಲ್ಲಿ ನೀರನ್ನು ತಡೆಯುವುದು ಮರೆ (ಥ್ರೆಡ್) ಅಲ್ಲ, ಒಳಗಿರುವ ರಬ್ಬರ್ ವಾಷರ್. ಮರೆಯ ಕೆಲಸ ಆ ವಾಷರನ್ನು ಒತ್ತಿ ಹಿಡಿಯುವುದು ಮಾತ್ರ. ವಾಷರ್ ಬಿಸಿಲಿಗೆ ಗಟ್ಟಿಯಾಗಿದ್ದರೆ, ಸೀಳಿದ್ದರೆ ಅಥವಾ ಕಳೆದೇ ಹೋಗಿದ್ದರೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ನಟ್ ಬಿರುಕು ಬಿಡುತ್ತದೆ, ಅಷ್ಟೇ.

ಹಾಗಾದರೆ ಟೆಫ್ಲಾನ್ ಟೇಪ್ ಯಾತಕ್ಕೆ?

ಮರೆಯಲ್ಲೇ ನೀರು ತಡೆಯಬೇಕಾದ ಜೋಡಣೆಗೆ. ಉದಾಹರಣೆಗೆ, ಗೋಡೆಯ ಪೈಪಿಗೆ ನಲ್ಲಿ ಕೂರಿಸುವಾಗ. ಭಾರತೀಯ ಮಾನಕ ಬ್ಯೂರೋ ಈ ಎರಡು ಬಗೆಗೂ ಬೇರೆ ಬೇರೆ ಮಾನದಂಡ ಇಟ್ಟಿದೆ: ಮರೆಯಲ್ಲೇ ನೀರು ತಡೆಯುವ ಜೋಡಣೆಗೆ ಐಎಸ್ 554, ಹಾಗಲ್ಲದ್ದಕ್ಕೆ ಐಎಸ್ 2643. ಎರಡನೆಯದಕ್ಕೆ ಟೇಪ್ ಸುತ್ತಿದರೆ ಸೋರಿಕೆ ಸ್ವಲ್ಪ ಹೊತ್ತು ತಗ್ಗಬಹುದು. ಆದರೆ ಟೇಪ್ ವಾಷರಿನ ಕೆಲಸ ಮಾಡುವುದಿಲ್ಲ.

ಎಂ-ಸೀಲ್ ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಬಾಗುವ ಪೈಪಿನ ಮೇಲೆ ಅದು ಬೇಗ ಕಿತ್ತು ಬರುತ್ತದೆ.

ಅದೇ ಪೈಪ್ ಅಪಾರ್ಟ್‌ಮೆಂಟಿನಲ್ಲಿ ಹೆಚ್ಚು ಸೋರುವುದೇಕೆ?

ಒತ್ತಡದಿಂದ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಎರಡು ಅಂತಸ್ತಿನ ಮನೆಯ ಟ್ಯಾಂಕ್ 7 ಮೀಟರ್ ಮೇಲಿದ್ದರೆ, ಹತ್ತು ಮಹಡಿಯ ಕಟ್ಟಡದ ಟ್ಯಾಂಕ್ 30 ಮೀಟರ್ ಮೇಲಿರುತ್ತದೆ. ನಡುವೆ ಒತ್ತಡ ತಗ್ಗಿಸುವ ವಾಲ್ವ್ ಇಲ್ಲದಿದ್ದರೆ ಕೆಳಗಿನ ನಲ್ಲಿಯ ಒತ್ತಡ ನಾಲ್ಕು ಪಟ್ಟು, ಅದೇ ರಂಧ್ರದ ಸೋರಿಕೆ ಸುಮಾರು ಎರಡು ಪಟ್ಟು.

ಪೈಪಿನ ತುದಿಯ ಸ್ಪ್ರೇ ಗನ್ ಮಾತ್ರ ಮುಚ್ಚಿ ನಲ್ಲಿ ತೆರೆದೇ ಬಿಟ್ಟರೆ ಈ ಪೂರ್ತಿ ಒತ್ತಡ ಹಗಲೂ ರಾತ್ರಿ ಜೋಡಣೆಯ ಮೇಲೇ ಇರುತ್ತದೆ.

ಹನಿ ಸೋರಿದರೆ ಏನು ಮಹಾ?

ಸೆಕೆಂಡಿಗೆ ಒಂದು ಹನಿಯಾದರೆ ದಿನಕ್ಕೆ ಸುಮಾರು 4 ಲೀಟರ್. ಆದರೆ ಒತ್ತಡದಲ್ಲಿರುವ ಜೋಡಣೆ ಹನಿಗೇ ನಿಲ್ಲುವುದಿಲ್ಲ. ಅದರ ಕೆಳಗೆ 1 ಲೀಟರ್ ಬಾಟಲಿ ಇಟ್ಟು ನೋಡಿ. 10 ನಿಮಿಷದಲ್ಲಿ ತುಂಬಿದರೆ ದಿನಕ್ಕೆ 144 ಲೀಟರ್. ಅಂದರೆ 42 ದಿನಕ್ಕೆ 6,000 ಲೀಟರಿನ ಒಂದು ಟ್ಯಾಂಕರ್ ಮಣ್ಣುಪಾಲು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಡಾಯಿಸಿದಾಗ ಬೆಂಗಳೂರು ನಗರ ಜಿಲ್ಲಾಡಳಿತ ಅಂಥ ಟ್ಯಾಂಕರಿಗೆ 5 ಕಿ.ಮೀ. ಒಳಗೆ 600 ರೂ. ದರ ನಿಗದಿ ಮಾಡಿತ್ತು.

ಅದೇ ತಿಂಗಳು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂ. ದಂಡ ಘೋಷಿಸಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು.

ಸೋರುವ ಜಾಗದಿಂದ ಕೊಳೆ ಒಳಗೆ ಹೋಗಬಹುದೇ?

ಹೋಗಬಹುದು. ಒತ್ತಡ ಇರುವಾಗ ನೀರು ಹೊರಗೆ ಬರುತ್ತದೆ. ಸರಬರಾಜು ನಿಂತು ಪೈಪಿನೊಳಗೆ ಒತ್ತಡ ಕುಸಿದಾಗ ಅದೇ ರಂಧ್ರ ಸುತ್ತಲಿನ ಕೆಸರು ನೀರನ್ನು ಒಳಗೆಳೆಯಬಹುದು. ಜೋಡಣೆ ನೆಲದ ಗುಂಡಿಯಲ್ಲಿ ಮುಳುಗಿದ್ದರೆ, ಪೈಪಿನ ತುದಿ ಬಕೆಟ್‌ನಲ್ಲಿ ಅದ್ದಿದ್ದರೆ ಅಪಾಯ ಹೆಚ್ಚು. ಎಸ್‌ಟಿಪಿಯ ಸಂಸ್ಕರಿಸಿದ ನೀರಿಗೆ ಬಳಸಿದ ಪೈಪಿನಿಂದ ಮನೆಬಳಕೆಯ ಡ್ರಮ್ ಎಂದೂ ತುಂಬಿಸಬೇಡಿ.

ಸೋರಿಕೆಗೆಂದು ಇಟ್ಟ ಬಕೆಟನ್ನೂ ದಿನಾ ಖಾಲಿ ಮಾಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ, ನಿಂತ ನೀರಿನಲ್ಲಿ ಒಂದು ವಾರದಿಂದ ಹತ್ತು ದಿನದೊಳಗೆ ಸೊಳ್ಳೆಯಾಗುತ್ತದೆ.

ಸರಿಪಡಿಸುವುದು ಹೇಗೆ?

1. ಜೋಡಣೆಯನ್ನು ಒರೆಸಿ, ಒಣ ಟಿಶ್ಯೂ ಕಾಗದ ಸುತ್ತಿ ನಲ್ಲಿ ತೆರೆಯಿರಿ. ಕಾಗದ ಮೊದಲು ಒದ್ದೆಯಾಗುವ ಕಡೆಯೇ ಸೋರಿಕೆ.
2. ನಲ್ಲಿ ಮುಚ್ಚಿ, ಕನೆಕ್ಟರ್ ಬಿಚ್ಚಿ, ಅದೇ ಅಳತೆಯ ಹೊಸ ವಾಷರ್ ಹಾಕಿ. ಕೆಲವೇ ರೂಪಾಯಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.
3. ಬೋರ್‌ವೆಲ್ ಗಡಸು ನೀರಿನ ಬಿಳಿ ಪೊರೆ ಕಟ್ಟಿದ್ದರೆ ಕನೆಕ್ಟರನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಕೆಲವು ಗಂಟೆ ನೆನೆಸಿ, ಹಳೆ ಬ್ರಷ್‌ನಿಂದ ಉಜ್ಜಿ. ಆಮ್ಲಕ್ಕೆ ಆ ಪೊರೆ ಕರಗುತ್ತದೆ.
4. ನಲ್ಲಿಯ ಮೂತಿಗೆ ನೇರವಾಗಿ ತುರುಕುವ ಪೈಪ್ ಆದರೆ, ಗಟ್ಟಿಯಾದ ತುದಿಯನ್ನು ಎರಡು ಇಂಚು ನೇರವಾಗಿ ಕತ್ತರಿಸಿ. ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ಮೆತ್ತಗಾಗಿಸಿ, ಪೂರ್ತಿ ಒಳಗೆ ತಳ್ಳಿ, ಸ್ಟೀಲ್ ಕ್ಲಿಪ್ ಬಿಗಿಯಿರಿ. ಕಟ್ಟುವ ತಂತಿ ಬೇಡ, ಅದು ಪೈಪನ್ನೇ ಕೊಯ್ಯುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಒಂದೆರಡು ದಿನದ ತಾತ್ಕಾಲಿಕ ಉಪಾಯ ಮಾತ್ರ.
5. ಕೆಲಸ ಮುಗಿದ ಮೇಲೆ ಗನ್ ಅಲ್ಲ, ನಲ್ಲಿಯನ್ನೇ ಮುಚ್ಚಿ.

ಒಟ್ಟಿನಲ್ಲಿ

ಟೇಪ್ ತರುವ ಮುನ್ನ ವಾಷರ್ ನೋಡಿ. ನಿಮ್ಮ ಅಪಾರ್ಟ್‌ಮೆಂಟ್ ಅಥವಾ ವಠಾರದ ಗ್ರೂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ, ಈ ಒಂದು ಸಾಲು ಸಾಕು.